ತಾರಿಣಿಯ ಕಥೆ ಬರೆದ ವಾರಿಜಕ್ಕ

ಹೊಳೆಗೆ ಇನ್ನೂ ಸೇತುವೆ ಇಲ್ಲದ ಕಾಲವಂತೆ. ಹೊಳೆ ಸಮುದ್ರ ಸೇರುವಲ್ಲಿ ಒಂದು ಊರು, ಆ ಊರಿನಲ್ಲಿ ವಾರಿಜಕ್ಕ ಅಂತ ಒಬ್ಬಳು. ಎಷ್ಟು ವರ್ಷವಾಯಿತು ಅಂತ ನನ್ನನ್ನು ಕೇಳಬೇಡಿ. ಗೊತ್ತಿದ್ದವರು ಯಾರೂ ಈಗ ಉಳಿದಿಲ್ಲ.

ವಾರಿಜಕ್ಕ ಬೀಡಿ ಕಟ್ಟುವವಳು. ಆದರೆ ಅವಳು ಬೀಡಿ ಕಟ್ಟಿದ್ದನ್ನು ಕಂಡವರಿಲ್ಲವಂತೆ. ಜಗಲಿಯಲ್ಲಿ ಹುಡುಗಿಯರೆಲ್ಲ ಮಡಿಲಲ್ಲಿ ಮೊರ ಇಟ್ಟುಕೊಂಡು ಎಲೆ ಸುರುಟುತ್ತಿದ್ದರೆ ಇವಳು ಕಥೆ ಹೇಳುತ್ತಿದ್ದಳಂತೆ. ಸಂಜೆ ಏಳುವಾಗ ಒಬ್ಬೊಬ್ಬಳೂ ತಾನು ಕಟ್ಟಿದ್ದರಲ್ಲಿ ಒಂದು ಕಟ್ಟನ್ನು ಅವಳ ಮೊರಕ್ಕೆ ಹಾಕುವುದು ವಾಡಿಕೆ. ಹಾಗಾಗಿ ಎಲ್ಲರಿಗಿಂತ ಮೊದಲು ಅವಳ ಮೊರವೇ ತುಂಬುತ್ತಿತ್ತಂತೆ. ಅವಳು ಹೇಳುತ್ತಿದ್ದದ್ದು ರಾಜಕುಮಾರಿಯ ಕಥೆಯಲ್ಲ ಮತ್ತೆ. ಮನೆಯಲ್ಲಿ ಬೈಸಿಕೊಳ್ಳುವ, ಕನ್ನಡಿ ಮುಂದೆ ಹೊತ್ತು ಕಳೆಯುವ, ಇನ್ನೂ ಓದಬೇಕು ಅಂತ ಅಳುವ ಹರೆಯದ ಹುಡುಗಿಯರ ಕಥೆ. ಕೇಳುವವರಿಗೆ ತಮ್ಮ ಮನೆಯಲ್ಲೇ ಯಾರೋ ಕದ್ದು ಕೂತು ನೋಡಿದ ಹಾಗೆ ಆಗುತ್ತಿತ್ತಂತೆ.

ಆಮೇಲೆ ಆ ಕಥೆಗಳು ವಾರಪತ್ರಿಕೆಯಲ್ಲಿ ಬರತೊಡಗಿದವು. ಪತ್ರಿಕೆ ಬರುವ ದಿನ ದೋಣಿ ದಡ ಮುಟ್ಟುವ ತನಕ ಕಾಯಲಾರದೆ ಹುಡುಗಿಯರು ಸೊಂಟದ ತನಕ ನೀರಿಗೆ ಇಳಿಯುತ್ತಿದ್ದರಂತೆ. ಅಕ್ಷರ ಬಾರದ ಹೆಂಗಸರು ಅವಳ ಕಥೆಗೋಸ್ಕರವೇ ಓದಲು ಕಲಿತರಂತೆ. ಅವಳ ಕಾದಂಬರಿಯ ಹುಡುಗಿ ತಾರಿಣಿ ನೀಲಿ ರಿಬ್ಬನ್ ಕಟ್ಟಿದ ವಾರ ಅಂಗಡಿಗಳಲ್ಲಿ ನೀಲಿ ರಿಬ್ಬನ್ ಸಿಗಲಿಲ್ಲವಂತೆ. ಎಷ್ಟು ನಿಜವೋ, ನಾನು ಕೇಳಿದ್ದನ್ನು ಹೇಳುತ್ತಿದ್ದೇನೆ.

ಆ ತಾರಿಣಿಗೆ ನರ್ಸ್ ಕೆಲಸ ಕಲಿಯುವ ಆಸೆ. ಮನೆಯವರು ಮದುವೆ ನಿಶ್ಚಯ ಮಾಡಿದರು. ಒಂದು ಬೆಳಿಗ್ಗೆ ಅವಳು ಯಾರಿಗೂ ಹೇಳದೆ ದೋಣಿ ಹತ್ತಿದಳು. ದೋಣಿ ಹೊಳೆಯ ನಡುವೆ ಇರುವಾಗಲೇ ಆ ವಾರದ ಕಂತು ಮುಗಿಯಿತು. ಮಾರನೇ ದಿನ ಅಪ್ಪಿ ಎಂಬವಳ ಮಗಳು ಸುಗುಣ ಮನೆಯಲ್ಲಿಲ್ಲ. ಅವಳಿಗೂ ಮದುವೆ ನಿಶ್ಚಯವಾಗಿತ್ತು. ಜಡೆಗೆ ನೀಲಿ ರಿಬ್ಬನ್ ಕಟ್ಟಿಕೊಂಡು ಹೊಳೆ ದಾಟಿದಳು ಅಂತ ದೋಣಿಯವನು ಹೇಳಿದಾಗ ಊರಿಗೆ ಊರೇ ಬೆಚ್ಚಿಬಿತ್ತಂತೆ. ಕಾಗದದ ಮೇಲಿನ ಹುಡುಗಿ ನಿಜವಾದ ಹುಡುಗಿಯನ್ನು ಕೈಹಿಡಿದು ಕರೆದುಕೊಂಡು ಹೋಗುವುದೆಂದರೆ ಏನು?

ಅಪ್ಪಿ ನೇರವಾಗಿ ವಾರಿಜಕ್ಕನ ಮನೆಗೆ ಬಂದಳು.

"ನೀನೇ ಕಳಿಸಿದ್ದಲ್ವಾ, ಇನ್ನು ನೀನೇ ವಾಪಸು ಕರ್ಸು," ಅಂದಳಂತೆ. "ಬರುವ ವಾರ ತಾರಿಣಿ ಮನೆಗೆ ಬರ್ಬೇಕು. ನನ್ನ ಮಗಳು ಎಲ್ಲಿದ್ರೂ ಅದನ್ನು ಓದ್ತಾಳೆ."

ವಾರಿಜಕ್ಕ ಮೊದಲು ಒಪ್ಪಲಿಲ್ಲವಂತೆ. ತಾರಿಣಿ ಇನ್ನೂ ಆಚೆ ದಡವನ್ನೇ ಮುಟ್ಟಿಲ್ಲ, ಹೇಗೆ ತಿರುಗಿಸುವುದು ಅಂದಳಂತೆ. ಅಪ್ಪಿ ಹೊಸ್ತಿಲ ಮೇಲೆ ಕೂತವಳು ಅನ್ನ ನೀರು ಮುಟ್ಟಲಿಲ್ಲ. ಹೆತ್ತವಳ ಮುಖ ನೋಡಿ ನೋಡಿ ವಾರಿಜಕ್ಕ ಕರಗಿದಳು. ತಾರಿಣಿಯ ತಾಯಿ ಹಾಸಿಗೆ ಹಿಡಿದಳು, ಸುದ್ದಿ ಕೇಳಿ ತಾರಿಣಿ ಮನೆಗೆ ಓಡಿ ಬಂದಳು ಅಂತ ಬರೆದು ಕಳಿಸಿದಳು.

ಪತ್ರಿಕೆ ಬಂತು. ಅದರ ಹಿಂದೆಯೇ ಸುಗುಣನೂ ಬಂದಳು. ದಡದಿಂದ ಮನೆಯ ತನಕ ಓಡಿದಳಂತೆ, ಚಪ್ಪಲಿ ಕಳಚಿ ಬಿದ್ದದ್ದೂ ಗೊತ್ತಾಗಲಿಲ್ಲವಂತೆ. ಒಳಗೆ ಅಪ್ಪಿ ಗುಂಡುಕಲ್ಲಿನಂತೆ ಕೂತು ಮೀನಿನ ಸಾರಿಗೆ ಮಸಾಲೆ ಅರೆಯುತ್ತಿದ್ದಳು. ಹಿಂದಿನಿಂದ ಯಾರೋ ಬಾಗಿಲಿಗೆ ಚಿಲಕ ಹಾಕಿದರು. ಅಚ್ಚಾದ ಒಂದು ಸುಳ್ಳನ್ನು ನಂಬಿ ಬಂದ ಮಗು ಅದು.

ಅದೇ ಮುಹೂರ್ತಕ್ಕೆ, ಅದೇ ಗಂಡಿನ ಜೊತೆ ಮದುವೆಯಾಯಿತು. ವಾರಿಜಕ್ಕನೂ ಹೋಗಿದ್ದಳು. ಅಕ್ಷತೆ ಹಿಡಿದು ಹತ್ತಿರ ಹೋದಾಗ ಮದುಮಗಳು ತಲೆ ಎತ್ತಿ ಮೆಲ್ಲಗೆ ಕೇಳಿದಳಂತೆ.

"ವಾರಿಜಕ್ಕ, ಬರುವ ವಾರ ತಾರಿಣಿ ಎಂತ ಮಾಡ್ತಾಳೆ?"

ದನಿಯಲ್ಲಿ ಸಿಟ್ಟಿರಲಿಲ್ಲವಂತೆ. ಸಿಟ್ಟಿದ್ದರೆ ತಡೆದುಕೊಳ್ಳಬಹುದಿತ್ತು. ಅವಳಿಗೆ ಇನ್ನೂ ನಂಬಿಕೆಯಿತ್ತು, ನೋಡಿ. ಬರುವ ವಾರ ತಾರಿಣಿಗೆ ಒಂದು ದಾರಿ ಸಿಗುತ್ತದೆ, ಅದೇ ದಾರಿ ತನಗೂ ಸಿಗುತ್ತದೆ ಅಂತ ಕಾಯುತ್ತಿದ್ದಳು. ವಾರಿಜಕ್ಕ ಕೈಯಲ್ಲಿದ್ದ ಅಕ್ಷತೆ ಹಾಕದೆ ಮನೆಗೆ ಬಂದುಬಿಟ್ಟಳು. ಸುಗುಣ ಗಂಡನ ಜೊತೆ ಘಟ್ಟ ಹತ್ತಿ ಹೋದವಳು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ.

ಆ ಬರುವ ವಾರ ಬಂತು, ಕಥೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಸಂಪಾದಕರೇ ದೋಣಿಯಲ್ಲಿ ಬಂದು ಅಂಗಲಾಚಿದರಂತೆ, ವಾರಿಜಕ್ಕ ಪೆನ್ನು ಮುಟ್ಟಲಿಲ್ಲ. ಕೊನೆಗೆ ಅವರು ತಾರಿಣಿ ಮನೆಗೆ ಬಂದದ್ದನ್ನೇ ಮುಕ್ತಾಯ ಮಾಡಿ ಪುಸ್ತಕ ತಂದರು. ಅದು ಬಿಸಿ ದೋಸೆಯ ಹಾಗೆ ಖರ್ಚಾಯಿತು. ಆಗ ವಾರಿಜಕ್ಕ ಮನೆಯಿಂದ ಹೊರಟಳು. ಊರೂರಿನ ಲೈಬ್ರರಿಗೆ ಹೋಗಿ, ತನ್ನ ಪುಸ್ತಕ ಕೇಳಿ ತೆಗೆಸಿಕೊಂಡು, ಎಲ್ಲರ ಕಣ್ಣೆದುರೇ ಕೊನೆಯ ಅಧ್ಯಾಯವನ್ನು ಪರಪರ ಹರಿದಳಂತೆ. ಬರೆದವಳೇ ಹರಿಯುವಾಗ ಬೈಯುವುದು ಯಾರನ್ನು? ಲೈಬ್ರರಿಯವರು ಬಾಯಿ ಬಿಟ್ಟುಕೊಂಡು ನಿಂತರಂತೆ. ಹರಿದ ಹಾಳೆಗಳನ್ನು ಅವಳು ತಿಂದಳು ಅಂತಲೂ ಹೇಳುವವರಿದ್ದಾರೆ. ಅದು ಸ್ವಲ್ಪ ಜಾಸ್ತಿಯೇ ಆಯಿತು.

ಈಗ ವಾರಿಜಕ್ಕ ಇಲ್ಲ, ದೋಣಿಯೂ ಇಲ್ಲ. ಆದರೆ ಇವತ್ತಿಗೂ ನಮ್ಮ ಕಡೆ ಹೆಣ್ಣು ನೋಡಲು ಬಂದರೆ, ಮಾತುಕತೆ ಶುರುವಾಗುವ ಮೊದಲು ಮನೆಯ ಹಿರಿಯ ಹೆಂಗಸು ಹುಡುಗಿಯನ್ನು ಎಲ್ಲರೆದುರು ಕೇಳಬೇಕು, ಬರುವ ವಾರ ತಾರಿಣಿ ಏನು ಮಾಡುತ್ತಾಳೆ ಅಂತ. ಯಾರೂ ನಗುವುದಿಲ್ಲ. ಮನೆಗೆ ಬರುತ್ತಾಳೆ ಅಂದರೆ ಮಾತು ಮುಂದುವರಿಯುತ್ತದೆ.

ಮೊನ್ನೆ ನಮ್ಮ ಹಿತ್ತಿಲಾಚೆಯ ಮನೆಯಲ್ಲಿ ಹಿರಿಯ ಹೆಂಗಸರು ಯಾರೂ ಇಲ್ಲದ್ದರಿಂದ ಆ ಪ್ರಶ್ನೆಯನ್ನು ನಾನೇ ಕೇಳಿದೆ. ಹುಡುಗಿ ಸೆರಗಿನ ತುದಿ ತಿರುಚಿದಳು, ಬಿಚ್ಚಿದಳು, ಮತ್ತೆ ತಿರುಚಿದಳು. ಕೊನೆಗೆ, "ಆಚೆ ದಡಕ್ಕೆ ಹೋಗ್ತಾಳೆ," ಅಂದಳು. ಅವಳ ಅಪ್ಪನ ಮುಖ ಸಪ್ಪಗಾಯಿತು. ಗಂಡಿನ ತಾಯಿ ಅರ್ಧ ಕುಡಿದ ಕಾಫಿ ಲೋಟ ಕೆಳಗಿಟ್ಟು ಎಲ್ಲರಿಗಿಂತ ಮೊದಲು ಎದ್ದಳು.

"ಏಳಿ ಮಾರಾಯ್ರೆ," ಅಂದಳು ಗಂಡನಿಗೆ. "ಹೋಗುವವಳಿಗೆ ನಾವು ಅಡ್ಡ ಕೂತ್ಕೊಳ್ಳೋದು ಬೇಡ."