ತೂಗುತ್ತಿದ್ದ ಚೀಲ

ಕಪಿಲೆಯ ದಡದ ಗರಡಿಮನೆಗೆ ಕೆಂಪರಾಜು ಹನ್ನೆರಡು ವರ್ಷಗಳ ಮೇಲೆ ಬಂದ. ಒಂದು ಕಾಲಕ್ಕೆ ದೇಶಕ್ಕೇ ಮೊದಲಿಗನೆನಿಸಿದ್ದ ಬಾಕ್ಸರ್. ಈಗ ವಯಸ್ಸು ನಲವತ್ತು ದಾಟಿದೆ, ಎಡಗಣ್ಣು ಮಂಜು.

ಅವನಿಗೆ ಮುಷ್ಟಿ ಕಟ್ಟಲು ಕಲಿಸಿದ ಉಸ್ತಾದ್ ಚಿಕ್ಕಬಸವಯ್ಯನವರು ಜಗಲಿಯ ಮೇಲೆ ಕೂತು, ಕೈಗೆ ಸುತ್ತುವ ಪಟ್ಟಿಗೆಂದು ಹಳೆಯ ಪಂಚೆಯನ್ನು ಉದ್ದುದ್ದ ಹರಿಯುತ್ತಿದ್ದರು. ಅವನು ಕಲಿಯುತ್ತಿದ್ದಾಗಲೂ ಹೀಗೇ ಹರಿಯುತ್ತಿದ್ದರು. ಆ ಸದ್ದು ಕೇಳಿದ್ದೇ ಕೆಂಪರಾಜು ಚಪ್ಪಲಿ ಬಿಟ್ಟು ಜಗಲಿ ಹತ್ತಿದ.

ಕಾಲಿಗೆ ಬಿದ್ದ.

"ಉಸ್ತಾದ್, ಒಂದು ಪಂದ್ಯಕ್ಕೆ ಕರೀತಾವ್ರೆ. ಒಂದೇ ಒಂದು. ನಿಮ್ಮ ಆಶೀರ್ವಾದ ಬೇಕು."

"ಡಾಕ್ಟ್ರು ಏನಂದ್ರು?"

"ಇನ್ನೊಂದು ಏಟು ಬಿದ್ರೆ ಈ ಕಣ್ಣು ಹೋಯ್ತದೆ ಅಂದ್ರು."

"ನಿನ್ ಹೆಂಡ್ತಿ?"

"ಮಾತು ಬಿಟ್ಟವಳೆ."

"ಮತ್ಯಾಕಪ್ಪ ಹೋಗ್ತೀಯ?"

ಕೆಂಪರಾಜು ಎದೆಯ ಮೇಲೆ ಕೈಯಿಟ್ಟ.

"ರಿಂಗ್ ಬಿಟ್ಟು ಏಳು ವರ್ಷ ಆಯ್ತು. ಒಳಗೆ ಮಾತ್ರ ಏಟು ಬೀಳ್ತಾನೇ ಅವೆ. ಇದೊಂದು ಗೆದ್ದುಬಿಟ್ರೆ ನಿಲ್ತದೆ ಅನ್ಸ್ತದೆ."

ಉಸ್ತಾದರು ಹೊಸ ಪಟ್ಟಿಯನ್ನು ಅವನ ಕೈಗಳಿಗೆ ಸುತ್ತಿದರು. ವಯಸ್ಸಿಗೆ ಬೆರಳು ಸೊರಗಿದ್ದರೂ ಒಂದು ಸುತ್ತೂ ತಪ್ಪಲಿಲ್ಲ.

"ಒಳಗೆ ಹೋಗು. ಚೀಲಕ್ಕೆ ಒಂದಿಷ್ಟು ಹೊಡೆದು ಬಾ."

ಒಳಗೆ ತೊಲೆಯಿಂದ ಅದೇ ಗೋಣಿಚೀಲ ಇಳಿಬಿದ್ದಿತ್ತು. ಮರಳು, ತವುಡು, ಎಣ್ಣೆ, ಬೆವರು, ಎಲ್ಲ ಬೆರೆತ ಅದೇ ವಾಸನೆ. ಕೆಂಪರಾಜು ಹೊಡೆದ. ತೊಲೆ ಕಿರುಗುಟ್ಟುವ ಹಾಗೆ ಹೊಡೆದ. ಐದು ನಿಮಿಷ ಅವನಿಗೆ ಮತ್ತೆ ಹದಿನೇಳು ವರ್ಷ.

ಬೆವರೊರೆಸಿಕೊಳ್ಳುತ್ತ, ನಗುತ್ತ ಜಗಲಿಗೆ ಬಂದ.

"ಹೆಂಗಿತ್ತು ಉಸ್ತಾದ್?"

"ಏಟು ಕೆಟ್ಟಿಲ್ಲ. ಹಿಂದೆ ತಿರುಗಿ ನೋಡು."

ಚೀಲ ತೂಗುತ್ತಲೇ ಇತ್ತು.

ಕೆಂಪರಾಜು ನಾಲಗೆ ಕಚ್ಚಿಕೊಂಡ. ಹೊಡೆದವನು ಚೀಲ ನಿಲ್ಲಿಸಿಯೇ ಹೊರಗೆ ಬರಬೇಕು. ಅದು ಆ ಗರಡಿಯ ಕಟ್ಟಳೆ. ಹುಡುಗನಾಗಿದ್ದಾಗ ಅವನು ದಿನವೂ ಅದನ್ನು ಮುರಿದು ಓಡುತ್ತಿದ್ದ. ಬಸ್ಸು ತಪ್ಪಿದರೆ ಲೋಕವೇ ಮುಳುಗೀತೆಂಬ ವಯಸ್ಸು.

ಒಳಗೆ ಹೋಗಿ ಒಂದು ಕೈ ಅಡ್ಡ ಹಿಡಿದ. ಚೀಲ ಪಕ್ಕಕ್ಕೆ ಹೊರಳಿತು. ರೇಗಿ, ಎದುರಿನಿಂದ ಒಂದು ಗುದ್ದು ಕೊಟ್ಟ. ಇನ್ನೂ ಜೋರಾಗಿ ತೂಗಿತು.

"ಗುದ್ದಿದ್ರೆ ನಿಲ್ತದೇನ್ಲಾ ಕೆಂಪ?" ಉಸ್ತಾದರು ಕೂತಲ್ಲಿಂದಲೇ ಕೇಳಿದರು.

ಕೆಂಪರಾಜು ಎರಡೂ ತೋಳು ಚಾಚಿ ಚೀಲವನ್ನು ತಬ್ಬಿಕೊಂಡ. ಅದು ಅವನನ್ನೂ ಅತ್ತಿತ್ತ ಎಳೆದಾಡಿತು. ಆಮೇಲೆ ನಿಂತಿತು. ನಿಂತ ಮೇಲೂ ಅವನು ಗೋಣಿಗೆ ಕೆನ್ನೆಯೊತ್ತಿಕೊಂಡು ಬಹಳ ಹೊತ್ತು ಹಾಗೇ ಇದ್ದ. ಅಳು ಬಂದಿತ್ತು.

ಹೊರಗೆ ಬಂದು ಕೈಪಟ್ಟಿ ಬಿಚ್ಚಿ, ಮಡಿಸಿ, ಉಸ್ತಾದರ ಮುಂದಿಟ್ಟ. ಪಂದ್ಯದ ಮಾತು ಮತ್ತೆ ಎತ್ತಲಿಲ್ಲ.

"ಆಗೆಲ್ಲ ನಾನು ಓಡಿಹೋದ ಮೇಲೆ ಅದನ್ನ ಯಾರು ನಿಲ್ಲಿಸ್ತಿದ್ರು ಉಸ್ತಾದ್?"

"ನಾನೇ ಕಣಪ್ಪ. ದಿನಾ ಹಿಂಗೇ ತಬ್ಕೊಂಡು ನಿಲ್ಲಿಸ್ತಿದ್ದೆ. ಈಗ ನನ್ನ ತೋಳಲ್ಲಿ ಅಷ್ಟು ಕಸುವಿಲ್ಲ."