ಮೂರು ಸರ್ವರ್, ಒಂದು ಮರದ ಚಮಚ

ನದಿಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿನ ತಾಳೆಗರಿಗಳು ಹುಡಿಯಾಗುವ ಮೊದಲೇ ಫೋಟೊಗಳಾಗಿ ಒಂದು ದೊಡ್ಡ ಡಿಸ್ಕಿನೊಳಗೆ ಸೇರಿದ್ದವು. ಎಲ್ಲರೂ ಅದನ್ನು ಉಗ್ರಾಣ ಎನ್ನುತ್ತಿದ್ದರು. ಊರಿನ ಸಿದ್ಧವ್ವನ ಅಪ್ಪ ಗರಿಯ ಮೇಲೆ ಬರೆದ ಹಾಡುಗಳೂ ಅದರಲ್ಲಿದ್ದವು.

ಮೂರು ಸರ್ವರ್ ಕಂಪ್ಯೂಟರ್‌ಗಳೂ ಆ ಒಂದೇ ಉಗ್ರಾಣವನ್ನು ಬಳಸುವಂತೆ ಜೋಡಿಸುವುದು ಶಿಷ್ಯ ವಾಗೀಶನ ಕೆಲಸ. ಪುಣ್ಯಾತ್ಮನಿಗೆ ಉತ್ಸಾಹ ಜಾಸ್ತಿ. ಮೂರಕ್ಕೂ ಯಾವಾಗ ಬೇಕಾದರೂ ಬರೆಯುವ ಅಧಿಕಾರ ಕೊಟ್ಟುಬಿಟ್ಟ.

ಮರುದಿನ ಬೆಳಿಗ್ಗೆ ಗುರುಗಳ ಬಳಿ ಓಡಿ ಬಂದ.

"ಅಜ್ಜಾರ, ಕೆಟ್ಟೆ! ಎರಡು ಸರ್ವರ್ ಒಂದ ಜಾಗಾದಾಗ ಬರದಾವ್ರಿ. ಸಿದ್ಧವ್ವಾರ ಅಪ್ಪನ ಹಾಡು ಎಲ್ಲಾ ಕಲಸಿ ಹೋಗ್ಯಾವು. ನಾಳೆ ಅವರು ನೋಡಾಕ ಬರ್ತಾರ!"

"ಬ್ಯಾರೆ ಪ್ರತಿ?"

"ಒಂದ ಒಂದು ಉಳದೈತ್ರಿ. ಅದನ್ನೂ ಕೆಡಿಸಿದ್ರ ಗರೀನೂ ಇಲ್ಲ, ಹಾಡೂ ಇಲ್ಲ."

ಗುರುಗಳು ಗಡ್ಡ ಸವರಿದರು.

"ನಮ್ಮ ಅಡಗಿಮನ್ಯಾಗ ಹತ್ತು ಮಂದಿ ಅಡ್ಡಾಡ್ತಾರ. ಸಾರಿಗೆ ಎರಡು ಸಲ ಉಪ್ಪು ಬಿದ್ದದ್ದು ನೋಡೀಯೇನು?"

"ಇಲ್ರಿ. ಮರದ ಚಮಚಾ ಹಿಡದಾವ್ರು ಅಷ್ಟ ಉಪ್ಪು ಹಾಕ್ಬೇಕಲ್ರಿ..."

ಅಷ್ಟಕ್ಕೇ ಮಾತು ನಿಲ್ಲಿಸಿ ಓಡಿದ. ಸರದಿ ಸಿಕ್ಕ ಸರ್ವರ್ ಮಾತ್ರ ಬರೆಯಬೇಕು, ಉಳಿದವು ಕಾಯಬೇಕು ಎಂದು ಕಟ್ಟಳೆ ಮಾಡಿದ.

ಮಧ್ಯಾಹ್ನದ ಹೊತ್ತಿಗೆ ಮತ್ತೆ ಬಂದ, ಜೋಲು ಮುಖ ಹಾಕಿಕೊಂಡು.

"ಸರದಿ ತಗೊಂಡ ಸರ್ವರ್ ಹಂಗ ಕಲ್ಲಾಗಿ ಕುಂತೈತ್ರಿ. ಅದರ ಸರದಿ ಕಸಗೊಂಡು ಇನ್ನೊಂದಕ್ಕ ಕೊಡ್ಲೇನ್ರಿ?"

ಗುರುಗಳು ಅವನನ್ನು ಅಡುಗೆಮನೆಗೆ ಕರೆದೊಯ್ದರು. ಸಾರು ಕುದಿಯುತ್ತಿತ್ತು. ಅಡುಗೆಯ ಬಾಳಪ್ಪ ಚಮಚ ಹಿಡಿದೇ ತೂಕಡಿಸುತ್ತಿದ್ದ.

"ಕಸಗೊಂಡು ಉಪ್ಪು ಹಾಕು."

ವಾಗೀಶ ಮೆಲ್ಲಗೆ ಚಮಚ ಎಳೆದುಕೊಂಡು ಉಪ್ಪು ಹಾಕಿದ. ಬಾಳಪ್ಪ ದಡಬಡಿಸಿ ಎದ್ದವನೇ, "ಅಯ್ಯ, ಉಪ್ಪು!" ಎಂದು ನಿದ್ದೆಗಣ್ಣಲ್ಲೇ ಒಂದು ಹಿಡಿ ತುಂಬಿ ಪಾತ್ರೆಗೆ ಸುರಿದ.

ಅಂದು ಎಲ್ಲರೂ ಮಜ್ಜಿಗೆಯಲ್ಲೇ ಊಟ ಮುಗಿಸಿದರು.

"ಮತ್ತ ಏನ್ ಮಾಡ್ಬೇಕಿತ್ತ್ರಿ ಅಜ್ಜಾರ?"

"ಮೊದ್ಲು ಬಾಳಪ್ಪನ್ನ ಹೊರಗ ಕಳಸು. ಆಮ್ಯಾಲೆ ಚಮಚಾ."

ನಡುವೆ ಎಚ್ಚೆತ್ತು ಬರೆಯದಂತೆ, ವಾಗೀಶ ಕಲ್ಲಾಗಿ ಕುಳಿತ ಸರ್ವರಿನ ಕರೆಂಟು ತೆಗೆದ. ಆಮೇಲೆ ಸರದಿಯನ್ನು ಇನ್ನೊಂದಕ್ಕೆ ಕೊಟ್ಟು, ಉಳಿದಿದ್ದ ಪ್ರತಿಯಿಂದ ಹಾಡುಗಳನ್ನು ಉಗ್ರಾಣಕ್ಕೆ ತುಂಬಿದ. ಒಂದಕ್ಷರ ಕೆಡಲಿಲ್ಲ.

ಮರುದಿನ ಸಿದ್ಧವ್ವ ಬಂದಳು, ಎಂಬತ್ತು ದಾಟಿದ ಮುದುಕಿ. ಪರದೆಯ ಮೇಲೆ ಅಪ್ಪನ ಅಕ್ಷರ ಕಂಡದ್ದೇ ಕಣ್ಣೊರೆಸಿಕೊಂಡು ಹಾಡತೊಡಗಿದಳು.

ವಾಗೀಶನಿಗೆ ಹಿಗ್ಗು ತಡೆಯಲಾಗಲಿಲ್ಲ. "ಅವ್ವಾ, ಇದನ್ನ ನಾನು ಹೆಂಗ್ ಉಳಿಸಿದೆ ಅಂದ್ರ..." ಎಂದು ಹಾಡಿನ ನಡುವೆಯೇ ಶುರುಮಾಡಿದ.

ಗುರುಗಳು ಅವನ ತೋಳು ಹಿಡಿದು ಹೊರಗೆ ಕರೆತಂದು, ಬಾಗಿಲು ಮುಂದೆ ಮಾಡಿದರು.

"ಚಮಚಾ ಈಗ ಸಿದ್ಧವ್ವನ ಕೈಯಾಗ ಐತಿ."