ಸಾಹೇಬರ ಕರೆಂಟು

ನೀಲವ್ವನ ಖಾನಾವಳಿಯಲ್ಲಿ ಮೂರು ದಿನದಿಂದ ಕರೆಂಟಿರಲಿಲ್ಲ. ಅವಳು ಕೊಟ್ಟ ದೂರು ಹಿಡಿದುಕೊಂಡು ವಿದ್ಯುತ್ ಇಲಾಖೆಯ ಸಾಹೇಬರೇ ಜೀಪಿನಲ್ಲಿ ಬಂದಿಳಿದರು.

"ನನ್ನ ಲೈನಿನ್ಯಾಗ ಕರೆಂಟು ಹೋಗೂದಿಲ್ಲ! ಮಿಕ್ಸಿ ಹಚ್ಚಿ ಚಟ್ನಿ ಮಾಡು. ಉಂಡು, ದೂರು ಹರದ ಹೋಗತೇನಿ" ಎಂದು ಸಾಹೇಬರು ಗದರಿದರು.

"ಆತ್ರೀ ಸಾಹೇಬ್ರ" ಎಂದು ನೀಲವ್ವ ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆ ಮಿಕ್ಸಿ ಗುರ್ರೆಂದಿತು. ರೊಟ್ಟಿಯ ಮೇಲೆ ಕೆಂಪು ಚಟ್ನಿ ಬಿತ್ತು.

ಸಾಹೇಬರು ಮೀಸೆ ತಿರುವಿದರು. "ಯಾರ ಕರೆಂಟದು?"

"ನಿಮ್ಮದ ರೀ."

ನೀಲವ್ವ ಕಿಟಕಿಯಾಚೆ ಬೆರಳು ತೋರಿಸಿದಳು. ಮದುವೆ ಅಡುಗೆಗೆ ಒಯ್ಯುವ ತನ್ನ ಇನ್ವರ್ಟರನ್ನು ಸಾಹೇಬರ ಜೀಪಿನ ಬ್ಯಾಟರಿಗೇ ಸಿಕ್ಕಿಸಿದ್ದಳು. ಡ್ರೈವರು ಎಂಜಿನ್ ಚಾಲೂ ಇಟ್ಟು ಹಲ್ಲು ಕಿರಿಯುತ್ತಿದ್ದ.

ಸಾಹೇಬರು ರೊಟ್ಟಿ ಕೈಯಲ್ಲಿ ಹಿಡಿದೇ ಕಿಟಕಿಗೆ ಬಗ್ಗಿ ನೋಡಿದರು.

ನೀಲವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ, ನೀರಿನ ತಂಬಿಗೆ ಮುಂದಿಟ್ಟು ಹೇಳಿದಳು: "ನೀವು ಬಂದಾಗಷ್ಟ ನಮ್ಮೂರಿಗೆ ಕರೆಂಟು ಬರತೈತಿ. ಕಂಬಕ್ಕ ಕರೆಂಟು ಬರೂತನಕ ನೀವು ಬಸ್ಸಿಗೆ ಅಡ್ಡಾಡ್ರಿ, ಜೀಪು ಇಲ್ಲೇ ಇರಲಿ."